ಬೆಟ್ಟದ ಮಂಜು, ಬಯಲಿನ ಬಾವಿ: ನೀರಿನ ಕ್ಷೇತ್ರ ಸಂಶೋಧನೆಗೆ ನೆರವು

ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿಯು 2007ರಲ್ಲಿ ಹೊರತಂದ ನಾಲ್ಕನೆಯ ವರದಿಯಲ್ಲಿ, ಹಿಮಾಲಯದ ಹಿಮನದಿಗಳು 2035ರ ವೇಳೆಗೆ ಕಣ್ಮರೆಯಾಗುವ ಸಂಭವ ಬಹಳವಾಗಿದೆ ಎಂಬ ಅರ್ಥದ ಮಾತೊಂದು ಸೇರಿಕೊಂಡಿತ್ತು. ಗಂಗೆ, ಸಿಂಧು, ಬ್ರಹ್ಮಪುತ್ರಗಳನ್ನು ನಂಬಿದ ಕೋಟ್ಯಂತರ ಜನರ ಬದುಕಿಗೆ ಸಂಬಂಧಿಸಿದ ಈ ಮಾತು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆದರೆ 2010ರ ಜನವರಿಯಲ್ಲಿ ಅದೇ ಸಮಿತಿಯು ಈ ಅಂದಾಜಿಗೆ ತಕ್ಕ ಆಧಾರವಿರಲಿಲ್ಲವೆಂದು ಒಪ್ಪಿಕೊಂಡು ವಿಷಾದ ವ್ಯಕ್ತಪಡಿಸಿತು. ತಪ್ಪು ನುಸುಳಿದ ಬಗೆ ಹೇಗೇ ಇರಲಿ, ಅದು ಮೂರು ವರ್ಷ ಅಲುಗಾಡದೆ ನಿಲ್ಲಲು ಒಂದು ಕಾರಣ ಸ್ಪಷ್ಟವಾಗಿದೆ. ಅದನ್ನು ಕೂಡಲೇ ಅಲ್ಲಗಳೆಯಲು ಬೇಕಾದ ಅಳತೆಗಳು ಬಹಳ ಕಡಿಮೆ ಇದ್ದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಪಟ್ಟಿಯಂತೆ ನಮ್ಮ ದೇಶದ ಹಿಮಾಲಯ ಭಾಗದಲ್ಲಿ 9,575 ಹಿಮನದಿಗಳಿವೆ. ಅವುಗಳಲ್ಲಿ ವರ್ಷ ವರ್ಷವೂ ಮೇಲೆ ಹತ್ತಿ ಅಳೆಯಲ್ಪಟ್ಟವು ಬೆರಳೆಣಿಕೆಯಷ್ಟು.

ಅಳೆಯುವವರು ಯಾರು, ಅವರ ಖರ್ಚನ್ನು ಹೊರುವವರು ಯಾರು ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಉಪಗ್ರಹಗಳ ಈ ಕಾಲದಲ್ಲಿಯೂ ನೀರಿನ ವಿಷಯದಲ್ಲಿ ನೆಲದ ಮೇಲಿನ ಅಳತೆಯ ಒಂದು ಪಾಲನ್ನು ಮಾಡುತ್ತಿರುವವರು ಪಿಎಚ್.ಡಿ. ಪದವಿಗಾಗಿ ಕೆಲಸ ಮಾಡುವ ಯುವಕ ಯುವತಿಯರೇ ಎಂಬುದು ಸಾರ್ವಜನಿಕರಿಗೆ ಅಷ್ಟಾಗಿ ತಿಳಿದಿಲ್ಲ.

ಛೋಟಾ ಶಿಗ್ರಿಯ ಲೆಕ್ಕ

ಹಿಮಾಚಲ ಪ್ರದೇಶದ ಲಾಹೌಲ್–ಸ್ಪಿತಿ ಜಿಲ್ಲೆಯಲ್ಲಿ ಚಂದ್ರಾ ನದಿಯ ಕಣಿವೆಗೆ ಇಳಿಯುವ ಹಿಮನದಿಗಳಲ್ಲಿ ಛೋಟಾ ಶಿಗ್ರಿ ಒಂದು. ಸುಮಾರು 9 ಕಿ.ಮೀ. ಉದ್ದ, ಸುಮಾರು 15.5 ಚ.ಕಿ.ಮೀ. ವಿಸ್ತಾರ. ಇದರ ಕೆಳತುದಿಯೇ ಸಮುದ್ರಮಟ್ಟದಿಂದ 4,000 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಕರಗಿದ ನೀರು ಚಂದ್ರೆಯನ್ನು ಸೇರುತ್ತದೆ. ಚಂದ್ರಾ ಮತ್ತು ಭಾಗಾ ನದಿಗಳು ತಾಂಡಿಯಲ್ಲಿ ಕೂಡಿ ಚಂದ್ರಭಾಗೆಯಾಗಿ, ಮುಂದೆ ಚೆನಾಬ್ ಎನಿಸುತ್ತದೆ.

ಹಿಮನದಿಗೂ ಒಂದು ಮನೆಯಂತೆ ಆಯವ್ಯಯವಿದೆ. ಮೇಲ್ಭಾಗದಲ್ಲಿ ಬಿದ್ದ ಹಿಮ ಅದರ ಆದಾಯ. ಕೆಳಭಾಗದಲ್ಲಿ ಕರಗಿ ಹರಿದುದು ವೆಚ್ಚ. ವೆಚ್ಚವನ್ನು ಅಳೆಯುವ ಉಪಾಯ ಅತ್ಯಂತ ಸರಳವಾದುದು. ಹಬೆಯಿಂದ ಕೊರೆಯುವ ಯಂತ್ರದಿಂದ ಮಂಜುಗಡ್ಡೆಯಲ್ಲಿ ಆಳವಾದ ರಂಧ್ರ ಮಾಡಿ ಬಿದಿರಿನ ಗಳುಗಳನ್ನು ಇಳಿಸುತ್ತಾರೆ. ಮುಂದಿನ ವರ್ಷ ಅದೇ ಸಮಯಕ್ಕೆ ಬಂದು ಗಳು ಎಷ್ಟು ಹೊರಗೆ ಕಾಣುತ್ತಿದೆ ಎಂದು ನೋಡುತ್ತಾರೆ. ಗಳು 3 ಮೀಟರ್ ಹೆಚ್ಚಾಗಿ ಹೊರಬಂದಿದ್ದರೆ ಅಷ್ಟು ಮಂಜುಗಡ್ಡೆ ಕರಗಿದೆ ಎಂದರ್ಥ. ಮಂಜುಗಡ್ಡೆಯ ಸಾಂದ್ರತೆ ನೀರಿನ ಹತ್ತರಲ್ಲಿ ಒಂಬತ್ತು ಪಾಲು ಎಂದು ಹಿಡಿದರೆ ಅದು 2.7 ಮೀಟರ್ ನೀರಿಗೆ ಸಮ. ಆದಾಯವನ್ನು ಅಳೆಯಲು ಮೇಲ್ಭಾಗದಲ್ಲಿ ಗುಂಡಿ ತೋಡಿ, ಆ ವರ್ಷದ ಹಿಮದ ದಪ್ಪವನ್ನು ಗುರುತಿಸಿ, ತೂಗಿ ನೋಡಬೇಕು. ಒಂದೂವರೆ ಮೀಟರ್ ಹಿಮ, ಅದರ ಸಾಂದ್ರತೆ ನೀರಿನ ಶೇಕಡ 45ರಷ್ಟು ಎಂದಿಟ್ಟುಕೊಂಡರೆ, ಅದು ಸುಮಾರು 67 ಸೆಂ.ಮೀ. ನೀರು. ಬೇಸಗೆಯ ಕರಗುವಿಕೆ ಮುಗಿದು ಹೊಸ ಹಿಮ ಬೀಳುವ ಮುನ್ನ, ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಕೆಲವೇ ವಾರಗಳಲ್ಲಿ ಈ ಕೆಲಸ ಮುಗಿಯಬೇಕು. ಸಮಯ ತಪ್ಪಿದರೆ ಆ ವರ್ಷದ ಲೆಕ್ಕ ಕೈತಪ್ಪಿದಂತೆಯೇ.

ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿ 1986ರಿಂದ 1989ರವರೆಗೆ ಹಲವು ಸಂಸ್ಥೆಗಳ ವಿಜ್ಞಾನಿಗಳು ಛೋಟಾ ಶಿಗ್ರಿಗೆ ಹೋಗಿ ಅಧ್ಯಯನ ನಡೆಸಿದರು. ಅನಂತರ ವಾರ್ಷಿಕ ಅಳತೆ ನಿಂತುಹೋಯಿತು. 2002ರಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ಪರಿಸರ ವಿಜ್ಞಾನ ವಿಭಾಗವೂ ಫ್ರಾನ್ಸಿನ ಅಭಿವೃದ್ಧಿ ಸಂಶೋಧನಾ ಸಂಸ್ಥೆಯೂ ಸೇರಿ ಅದನ್ನು ಮತ್ತೆ ಆರಂಭಿಸಿದವು. ಅಲ್ಲಿಂದ ಮುಂದೆ ಒಂದು ತಂಡದ ವಿದ್ಯಾರ್ಥಿಗಳು ಪದವಿ ಪಡೆದು ಹೊರಟಾಗ ಮುಂದಿನ ತಂಡದವರು ಬಿದಿರುಗಳ ಹೊಣೆ ಹೊತ್ತರು. 2020ರಲ್ಲಿ ಪ್ರಕಟವಾದ ಲೆಕ್ಕದಂತೆ, 2002ರಿಂದ 2019ರವರೆಗಿನ ಹದಿನೇಳು ವರ್ಷಗಳಲ್ಲಿ ಈ ಹಿಮನದಿ ಸರಾಸರಿ ವರ್ಷಕ್ಕೆ 0.46 ಮೀಟರ್ ನೀರಿನಷ್ಟು ತೆಳುವಾಗಿದೆ. ಇಡೀ ಹಿಮನದಿಗೆ ಇದನ್ನು ಹರಡಿದರೆ ವರ್ಷಕ್ಕೆ ಸುಮಾರು 70 ಲಕ್ಷ ಘನ ಮೀಟರ್, ನಮ್ಮ ಜಲಾಶಯಗಳ ಭಾಷೆಯಲ್ಲಿ ಹೇಳುವುದಾದರೆ ಸುಮಾರು ಕಾಲು ಟಿಎಂಸಿ ನೀರು. ಈ ಸರಾಸರಿಯಲ್ಲಿ 0.40 ಮೀಟರಿನಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ ಎಂದು ಸಂಶೋಧಕರೇ ತಿಳಿಸಿದ್ದಾರೆ. ಹಿಮನದಿ ಕರಗುತ್ತಿದೆ, ಆದರೆ 2035ಕ್ಕೆ ಮಾಯವಾಗುವ ವೇಗದಲ್ಲಲ್ಲ ಎಂದು ಹೇಳಲು ಇಷ್ಟು ವರ್ಷಗಳ ಬಿದಿರಿನ ಅಳತೆ ಬೇಕಾಯಿತು.

ನಡುವಿನ ಬಿಡುವಿನ ವರ್ಷಗಳಲ್ಲಿ ಏನಾಯಿತು? ಇದಕ್ಕೆ ಉತ್ತರ ದೊರೆತ ರೀತಿ ಸ್ವಾರಸ್ಯಕರವಾಗಿದೆ. 1988ರ ಹಿಮನದಿ ಮೇಲ್ಮೈಯ ಸರ್ವೇ ಉಳಿದುಕೊಂಡಿತ್ತು. 2010ರಲ್ಲಿ ಅದೇ ಮೇಲ್ಮೈಯನ್ನು ಮತ್ತೆ ಅಳೆದು ಹೋಲಿಸಿದಾಗ, 1990ರ ದಶಕದಲ್ಲಿ ಛೋಟಾ ಶಿಗ್ರಿ ಹೆಚ್ಚುಕಡಿಮೆ ಸಮತೋಲದಲ್ಲಿದ್ದು, ನಷ್ಟ ಹೆಚ್ಚಾಗಿ ಅನಂತರದ್ದೆಂದು ತಿಳಿದುಬಂದಿತು. ಇದು 2013ರಲ್ಲಿ ಪ್ರಕಟವಾಯಿತು. ಆದರೆ ಆ ದಶಕದ ಯಾವ ವರ್ಷ ಹಿಮ ಹೆಚ್ಚಿತ್ತು, ಯಾವ ವರ್ಷ ಕಡಿಮೆಯಿತ್ತು ಎಂಬುದನ್ನು ಅಂದಾಜು ಮಾಡಬಹುದೇ ಹೊರತು, ಈಗ ಎಷ್ಟು ಹಣ ಸುರಿದರೂ ಅಳೆಯಲಾಗದು.

ದಖ್ಖನ್ನಿನ ಕಲ್ಲಿನ ನೆಲದಲ್ಲಿ

ನೀರಿನ ಅಳತೆಗೆ ಹಿಮಾಲಯವನ್ನೇ ಹತ್ತಬೇಕಾಗಿಲ್ಲ. ಹೈದರಾಬಾದಿನ ದಕ್ಷಿಣಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿ ಮಹೇಶ್ವರಂ ಎಂಬ 53 ಚ.ಕಿ.ಮೀ. ವಿಸ್ತಾರದ ಜಲಾನಯನ ಪ್ರದೇಶವಿದೆ. ಅಲ್ಲಿ ರಾಷ್ಟ್ರೀಯ ಭೂಭೌತಿಕ ಸಂಶೋಧನಾ ಸಂಸ್ಥೆಯಲ್ಲಿನ ಭಾರತ–ಫ್ರಾನ್ಸ್ ಅಂತರ್ಜಲ ಕೇಂದ್ರದವರು ಗ್ರಾನೈಟ್ ನೆಲದಲ್ಲಿ ನೀರು ಎಷ್ಟು ನಿಲ್ಲುತ್ತದೆಂದು ಅಳೆದರು. ಅವರ ವಿಧಾನವನ್ನು ಸಾಮಾನ್ಯ ಓದುಗರೂ ಸುಲಭವಾಗಿ ಗ್ರಹಿಸಬಹುದು. ಬೇಸಗೆಯಲ್ಲಿ ಮಳೆಯಿಲ್ಲ, ಬಾವಿಗಳ ಮಟ್ಟ ಇಳಿಯುವುದು ಮುಖ್ಯವಾಗಿ ಪಂಪುಗಳಿಂದ. ಪಂಪುಗಳು ಎಳೆದ ನೀರನ್ನು ಊರೂರು ತಿರುಗಿ ಲೆಕ್ಕ ಹಾಕಿದರೆ, ಒಂದು ಮೀಟರ್ ಇಳಿತಕ್ಕೆ ನೆಲದಿಂದ ಎಷ್ಟು ನೀರು ಹೋಯಿತೆಂದು ಗೊತ್ತಾಗುತ್ತದೆ. ಮಹೇಶ್ವರಂನಲ್ಲಿ ಆ ಪ್ರಮಾಣ ಶೇಕಡ 1.4ರಷ್ಟು ಎಂದು ಕಂಡುಬಂತು. ಎಂದರೆ ಮಳೆಗಾಲದಲ್ಲಿ ಬಾವಿಯ ನೀರು ಒಂದು ಮೀಟರ್ ಏರಿದರೆ ನೆಲದೊಳಗೆ ಹೆಚ್ಚಾದ ನೀರು ಕೇವಲ 14 ಮಿ.ಮೀ. ಮಟ್ಟ ಏರಿತೆಂದು ಹಿಗ್ಗಿ ಮತ್ತೊಂದು ಕೊಳವೆಬಾವಿ ಕೊರೆಸುವ ರೈತನಿಗೆ ಇದಕ್ಕಿಂತ ಉಪಯುಕ್ತವಾದ ಅಂಕಿ ಇರಲಾರದು. ಆದರೆ ಈ ಅಂಕಿ ಸಿಗಬೇಕಾದರೆ ಮುಂಗಾರಿಗೆ ಮುನ್ನ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಒಂದೇ ಬಾವಿಗಳನ್ನು ಹುಡುಕಿಕೊಂಡು ಹೋಗಲೇಬೇಕು.

ಕರ್ನಾಟಕದ ಚಾಮರಾಜನಗರ ಜಿಲ್ಲೆಯಲ್ಲಿ ಇದೇ ಬಗೆಯ ಕೆಲಸ ಇನ್ನೂ ದೀರ್ಘವಾಗಿ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಭಾರತ–ಫ್ರಾನ್ಸ್ ಜಲವಿಜ್ಞಾನ ಘಟಕವು ಬಂಡೀಪುರದ ಕಾಡಿನೊಳಗಿನ ಮೂಲೆಹೊಳೆಯ ಸುಮಾರು 4 ಚ.ಕಿ.ಮೀ. ಜಲಾನಯನವನ್ನು 2003ರಿಂದ ಅಳೆಯತೊಡಗಿತು. ಮಳೆ, ತೊರೆಯ ಹರಿವು, ಬಾವಿಯ ಮಟ್ಟ, ನೀರಿನ ರಾಸಾಯನಿಕ ಗುಣ ಇವೆಲ್ಲ ದಾಖಲಾದವು. ಕಾಡಿನ ಮರಗಳು ಮೇಲ್ಮಣ್ಣಿನಿಂದಷ್ಟೇ ಅಲ್ಲದೆ ಆಳದ ಶಿಥಿಲ ಶಿಲೆಯ ಪದರದಿಂದಲೂ ನೀರು ಹೀರುತ್ತವೆ, ಆದ್ದರಿಂದ ಒಂದು ವರ್ಷದ ಮಳೆಯ ಪರಿಣಾಮ ಅಂತರ್ಜಲದಲ್ಲಿ ಅದೇ ವರ್ಷ ಕಾಣಬೇಕೆಂದಿಲ್ಲ ಎಂಬುದು ಇಲ್ಲಿ ವ್ಯಕ್ತವಾದ ಮುಖ್ಯ ಸಂಗತಿ. ಕಾಡಿನಾಚೆ ಗುಂಡ್ಲುಪೇಟೆ ಬಳಿಯ ಬೇರಂಬಾಡಿಯಲ್ಲಿ ಸುಮಾರು 84 ಚ.ಕಿ.ಮೀ. ಪ್ರದೇಶದ ಬೇಸಾಯದ ಹೊಲಗಳಿವೆ. ಅರಿಸಿನ, ಚೆಂಡುಹೂ, ಬಾಳೆ, ಕಬ್ಬು ಬೆಳೆಯುವ ಈ ಕೊಳವೆಬಾವಿಗಳ ಸೀಮೆಯಲ್ಲಿ, ಉಪಗ್ರಹ ಮೇಲೆ ಹಾದುಹೋಗುವ ದಿನವೇ ಸುಮಾರು ಐವತ್ತು ಹೊಲಗಳ ಮಣ್ಣಿನ ತೇವವನ್ನು ಅಳೆದು, ಉಪಗ್ರಹ ಹೇಳುವುದು ನಿಜವೇ ಎಂದು ಪರೀಕ್ಷಿಸಲಾಯಿತು. ಆಕಾಶದಿಂದ ಬರುವ ಚಿತ್ರಕ್ಕೂ ನೆಲದಲ್ಲಿ ಮಂಡಿಯೂರಿ ಕೂತವರ ಸಾಕ್ಷ್ಯ ಬೇಕಾಗುತ್ತದೆ.

ವೇತನ ಒಂದು, ಕ್ಷೇತ್ರದ ಖರ್ಚು ಇನ್ನೊಂದು

ಸಂಶೋಧನಾ ವಿದ್ಯಾರ್ಥಿಗೆ ಸರ್ಕಾರದ ನೆರವಿಲ್ಲವೆಂದು ಹೇಳುವಂತಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಪರಿಸರ ವಿಜ್ಞಾನವೂ, ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಜೊತೆಗೂಡಿದ ಪರೀಕ್ಷೆಯಲ್ಲಿ ಭೂಮಿ, ವಾಯುಮಂಡಲ ಮತ್ತು ಸಾಗರ ವಿಜ್ಞಾನಗಳೂ ಸೇರಿವೆ. ಕಿರಿಯ ಸಂಶೋಧನಾ ಫೆಲೋಷಿಪ್ಪಿನ ಮೊತ್ತವನ್ನು 2023ರ ಜನವರಿ 1ರಿಂದ ಅನ್ವಯವಾಗುವಂತೆ ತಿಂಗಳಿಗೆ 31,000 ರೂ.ಗಳಿಂದ 37,000 ರೂ.ಗಳಿಗೂ, ಹಿರಿಯ ಫೆಲೋಷಿಪ್ಪನ್ನು 35,000ದಿಂದ 42,000 ರೂ.ಗಳಿಗೂ ಏರಿಸಲಾಯಿತು. ಮೊದಲ ಎರಡು ವರ್ಷ ಕಿರಿಯ, ಮುಂದಿನ ಮೂರು ವರ್ಷ ಹಿರಿಯ ದರ. ಇದಲ್ಲದೆ ನಿಯಮದಂತೆ ಮನೆ ಬಾಡಿಗೆ ಭತ್ಯೆಯಿದೆ.

ಇದು ವಿದ್ಯಾರ್ಥಿಯ ಊಟ, ವಸತಿ, ಬದುಕಿನ ಹಣ. ಕ್ಷೇತ್ರದ ಖರ್ಚಿಗೆಂದು ನೇರವಾಗಿ ಕೈಸೇರುವುದು ಸಾದಿಲ್ವಾರು ಅನುದಾನ ಮಾತ್ರ. ಆಯೋಗದ ಫೆಲೋಷಿಪ್ಪಿನಲ್ಲಿ ವಿಜ್ಞಾನ ವಿಷಯಗಳಿಗೆ ಅದು 2023ರ ಪರಿಷ್ಕರಣೆಯಲ್ಲಿಯೂ ಮೊದಲ ಎರಡು ವರ್ಷ ವಾರ್ಷಿಕ 12,000 ರೂ., ಅನಂತರ 25,000 ರೂ. ಎಂದೇ ಉಳಿಯಿತು. ಹನ್ನೆರಡು ಸಾವಿರವೆಂದರೆ ತಿಂಗಳಿಗೆ ಒಂದು ಸಾವಿರ. ಪುಸ್ತಕ, ಕಾಗದ, ಮುದ್ರಣಕ್ಕೆ ಇದು ಸಾಕಾಗಬಹುದು. ಬೆಂಗಳೂರಿನಿಂದ ಸುಮಾರು ಇನ್ನೂರು ಕಿ.ಮೀ. ದೂರದ ಬಾವಿಗಳನ್ನು ವರ್ಷವಿಡೀ ಅಳೆಯಲಾಗಲಿ, ಹಿಮನದಿಗೆ ಡೇರೆ, ಆಹಾರ, ಹಮಾಲರು, ಅಡುಗೆಯವರೊಂದಿಗೆ ಹೋಗಲಾಗಲಿ ಇದು ಯಾವ ಮೂಲೆಗೂ ಸಾಲದು. ಮನೆಯಿಂದ ಹಣ ತರಬಲ್ಲ ವಿದ್ಯಾರ್ಥಿ ಹೊರಗೆ ಹೋಗುತ್ತಾನೆ. ತರಲಾರದವನು ಗಣಕದ ಮುಂದೆ ಕುಳಿತು ಬೇರೆಯವರ ಅಂಕಿಗಳಿಂದ ಮಾದರಿ ರಚಿಸುವ ವಿಷಯವನ್ನು ಆರಿಸಿಕೊಳ್ಳುತ್ತಾನೆ. ಹಳ್ಳಿಯ ನೀರಿನ ಕಷ್ಟವನ್ನು ಹತ್ತಿರದಿಂದ ಕಂಡ ಮಕ್ಕಳೇ ಹೀಗೆ ಕ್ಷೇತ್ರದಿಂದ ಹೊರಗುಳಿಯುವುದು ಉಚಿತವಲ್ಲ.

ಈ ಕೊರತೆಯನ್ನು ತುಂಬುವ ದಾರಿಗಳು ಕೆಲವಿವೆ. 2018ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಷಿಪ್ಪಿನಲ್ಲಿ ವೇತನದ ಜೊತೆಗೆ ವರ್ಷಕ್ಕೆ 2 ಲಕ್ಷ ರೂ. ಸಂಶೋಧನಾ ಅನುದಾನ ಗೊತ್ತುಪಡಿಸಲಾಯಿತು. ಕ್ಷೇತ್ರಾಧ್ಯಯನಕ್ಕೆ ಇದು ನಿಜವಾದ ಆಸರೆ, ಆದರೆ ಅದನ್ನು ಪಡೆಯುವವರು ಆಯ್ದ ಸಂಸ್ಥೆಗಳ ಕೆಲವರು. ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯವು 2015–16ರಲ್ಲಿ ಆರಂಭಿಸಿದ ಹಿಮಾಲಯ ಅಧ್ಯಯನಗಳ ರಾಷ್ಟ್ರೀಯ ಮಿಷನ್ ಯುವ ಸಂಶೋಧಕರಿಗೆ ಫೆಲೋಷಿಪ್ ಒದಗಿಸಿದೆ. ಉಳಿದವರ ಪಾಲಿಗೆ ಮಾರ್ಗದರ್ಶಕರ ಯೋಜನಾ ಅನುದಾನವೇ ಗತಿ. 2008ರ ಜೂನ್ 30ರಂದು ಪ್ರಕಟವಾದ ಹವಾಮಾನ ಬದಲಾವಣೆ ಕುರಿತ ರಾಷ್ಟ್ರೀಯ ಕ್ರಿಯಾ ಯೋಜನೆಯ ಎಂಟು ಮಿಷನ್‌ಗಳಲ್ಲಿ ನೀರಿನದೂ, ಹಿಮಾಲಯದ್ದೂ, ಹವಾಮಾನ ಜ್ಞಾನದ್ದೂ ಸೇರಿದ್ದು, ಹಲವು ಯೋಜನೆಗಳಿಗೆ ಇವುಗಳ ಮೂಲಕ ಹಣ ಹರಿಯಿತು. ಛೋಟಾ ಶಿಗ್ರಿಯ ಕೆಲಸಕ್ಕೆ ಭಾರತ–ಫ್ರಾನ್ಸ್ ಉನ್ನತ ಸಂಶೋಧನಾ ಉತ್ತೇಜನ ಕೇಂದ್ರದ ನೆರವೂ ದೊರೆತಿತ್ತು. 2023ರ ಕಾಯಿದೆಯಂತೆ ಸ್ಥಾಪನೆಯಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು ಹಿಂದಿನ ವಿಜ್ಞಾನ ಮತ್ತು ಇಂಜಿನಿಯರಿಂಗ್ ಸಂಶೋಧನಾ ಮಂಡಳಿಯ ಹೊಣೆಯನ್ನು ವಹಿಸಿಕೊಂಡಿದೆ.

ಯೋಜನಾ ಅನುದಾನದಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಪಂಚಾಂಗದ್ದು. ಸರ್ಕಾರದ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹಣ ಬಳಕೆಯ ಪ್ರಮಾಣಪತ್ರ ತಲುಪಿದ ಮೇಲೆಯೇ ಮುಂದಿನ ಕಂತು. ಹಿಮನದಿಗೆ ಹೋಗುವ ಕಾಲ ಜೂನ್‌ನಿಂದ ಅಕ್ಟೋಬರ್. ಬಾವಿ ನೋಡುವ ಕಾಲ ಮೇ ಮತ್ತು ನವೆಂಬರ್. ಮೇಯಲ್ಲಿ ಬೇಕಾದ ಹಣ ಸೆಪ್ಟೆಂಬರಿನಲ್ಲಿ ಬಂದರೆ ಮುಂಗಾರು ಪೂರ್ವದ ಅಳತೆ ಆ ವರ್ಷಕ್ಕೆ ಇಲ್ಲ. ಎರಡನೆಯದು ಅವಧಿಯದು. ಯೋಜನೆ ಸಾಮಾನ್ಯವಾಗಿ ಮೂರು ವರ್ಷದ್ದು, ಫೆಲೋಷಿಪ್ ಐದು ವರ್ಷದ್ದು. ಹವಾಮಾನದ ಬದಲಾವಣೆಯನ್ನು ಒಳ್ಳೆಯ ಮಳೆ, ಕೆಟ್ಟ ಮಳೆಗಳ ಸಹಜ ಏರಿಳಿತದಿಂದ ಬೇರ್ಪಡಿಸಿ ನೋಡಲು ಇದು ಸಾಲದು. ವಿಶ್ವ ಹವಾಮಾನ ಸಂಸ್ಥೆ ಒಂದು ಸ್ಥಳದ ಸಾಮಾನ್ಯ ಹವಾಗುಣವನ್ನು ನಿರ್ಧರಿಸುವುದು ಮೂವತ್ತು ವರ್ಷದ ಸರಾಸರಿಯಿಂದ.

ಆದುದರಿಂದ ವಿದ್ಯಾರ್ಥಿಗೆ ಹಣ ಕೊಡುವುದರ ಜೊತೆಗೆ ಸ್ಥಳಕ್ಕೂ ಹಣ ಕೊಡಬೇಕೆಂಬುದು ಮೂಲೆಹೊಳೆ ಮತ್ತು ಛೋಟಾ ಶಿಗ್ರಿಗಳ ಅನುಭವ. ಮಳೆಮಾಪಕ, ಹರಿವಿನ ಕಟ್ಟೆ, ಗುರುತು ಹಾಕಿದ ಬಾವಿಗಳು, ಅವುಗಳನ್ನು ಕಾಯುವ ಊರಿನ ಒಬ್ಬ ಸಹಾಯಕ ಇಷ್ಟು ಮೊದಲೇ ಇದ್ದ ಕಡೆ ಹೊಸ ವಿದ್ಯಾರ್ಥಿ ಮೊದಲ ದಿನದಿಂದಲೇ ಪ್ರಶ್ನೆ ಕೇಳಬಲ್ಲ. ಇಲ್ಲದ ಕಡೆ ಅವನ ಐದು ವರ್ಷಗಳಲ್ಲಿ ಎರಡು ವರ್ಷ ಉಪಕರಣ ತರಿಸಿ ನಿಲ್ಲಿಸುವುದಕ್ಕೇ ಸಂದುಹೋಗುತ್ತದೆ. ಭೂ ವಿಜ್ಞಾನ ಸಚಿವಾಲಯದ ಅಡಿಯ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವು 2016ರಲ್ಲಿ ಸ್ಪಿತಿಯಲ್ಲಿ, 4,000 ಮೀಟರಿಗೂ ಎತ್ತರದಲ್ಲಿ, ‘ಹಿಮಾಂಶ್’ ಎಂಬ ನೆಲೆಯನ್ನು ತೆರೆದದ್ದು ಈ ದಿಕ್ಕಿನ ಹೆಜ್ಜೆ.

ಅರ್ಜಿ ಬರೆಯುವ ವಿದ್ಯಾರ್ಥಿ ಗಮನಿಸಬೇಕಾದ ಅಂಶವೂ ಇಲ್ಲಿಯೇ ಇದೆ. ಅಂದಾಜು ಪಟ್ಟಿಯಲ್ಲಿ ದೊಡ್ಡ ಉಪಕರಣಗಳಿಗೆ ಜಾಗ ಸುಲಭವಾಗಿ ಸಿಗುತ್ತದೆ. ಬಿಟ್ಟುಹೋಗುವುದು ಸಣ್ಣ ಬಾಬುಗಳು: ಊರಿನ ಸಹಾಯಕನ ಹನ್ನೆರಡು ತಿಂಗಳ ಸಂಬಳ, ಮಾದರಿ ಬಾಟಲಿಗಳ ಸಾಗಣೆ, ಪ್ರಯೋಗಾಲಯದ ಶುಲ್ಕ, ಕಾಡಿನೊಳಗಿನ ಕೆಲಸಕ್ಕೆ ಅರಣ್ಯ ಇಲಾಖೆಯ ಅನುಮತಿಗೆ ಹಿಡಿಯುವ ತಿಂಗಳುಗಳು, ಮುರಿದುಬೀಳುವ ಬಿದಿರಿಗೆ ಬದಲಿ ಬಿದಿರು.