ಬೆರಳಿನ ಹುರಿ

ಬೇಲೂರಿನ ಚೆನ್ನಕೇಶವ ದೇವಾಲಯವು ಕ್ರಿ.ಶ. 1117ರಲ್ಲಿ ಪ್ರತಿಷ್ಠಿತವಾಯಿತು. ಅಲ್ಲಿನ ಮದನಿಕೆಯರನ್ನೂ ಹಳೇಬೀಡಿನ ಭಿತ್ತಿಶಿಲ್ಪಗಳನ್ನೂ ಕಂಡವರು ಶಿಲ್ಪಿಯ ಕೈಚಳಕವನ್ನು ಕೊಂಡಾಡುತ್ತಾರೆ. ಆ ಚಳಕಕ್ಕೆ ಆಧಾರವಾದುದು, ಮುಂದೋಳಿನ ಸ್ನಾಯುವಿನ ಬಲವನ್ನು ಬೆರಳಿನ ಮೂಳೆಗೆ ಒಯ್ಯುವ ಸ್ನಾಯುರಜ್ಜು. ತೆಂಗಿನ ನಾರು ಹುರಿಗೊಂಡು ಹಗ್ಗವಾಗುವಂತೆ, ಕೊಲಾಜನ್ ಎಂಬ ಎಳೆಗಳು ಕಂತೆಕಂತೆಯಾಗಿ ಕೂಡಿ ಇದು ರೂಪುಗೊಂಡಿದೆ. ಕೊಲಾಜನ್ ಸಹ ಒಂದು ಪಾಲಿಮರ್. ಎಂದರೆ, ಕಿರಿಯ ಅಣುಗಳು ಸರಪಳಿಯಂತೆ ಕೂಡಿದ ಬೃಹದಣು.

ಅರಸೀಕೆರೆಯ ತೆಂಗಿನ ತೋಟದಲ್ಲಿ ಎಳನೀರು ಕೆತ್ತುವವನ ಮಚ್ಚು ಜಾರಿದರೆ ಈ ರಜ್ಜು ತುಂಡಾಗಬಹುದು. ಆಗ ಬೆರಳು ಮಡಿಚದು. ರಜ್ಜುವಿಗೆ ರಕ್ತದ ಪೂರೈಕೆ ಅಲ್ಪವಾದುದರಿಂದ ಅದು ಕೂಡಿಕೊಳ್ಳಲು ಅನೇಕ ವಾರಗಳು ಬೇಕು. ಅಲ್ಲಿಯವರೆಗೆ ತುದಿಗಳನ್ನು ಹಿಡಿದಿಡಲು ವೈದ್ಯರು ನೈಲಾನ್, ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್ ಮುಂತಾದ ಪಾಲಿಮರ್ ದಾರಗಳಿಂದ ಹೊಲಿಯುತ್ತಾರೆ. ಇವು ದೇಹದಲ್ಲಿ ಬೇಗ ಸವೆಯವು. ಪಾಲಿಲ್ಯಾಕ್ಟಿಕ್ ಆಮ್ಲದಂತಹವು ನಿಧಾನವಾಗಿ ಕರಗುತ್ತವೆ. ಅವುಗಳ ನವಿರಾದ ಎಳೆಗಳ ಹಂದರದ ಮೇಲೆ ಹೊಸ ಅಂಗಾಂಶವನ್ನು ಬೆಳೆಸಲು ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ.

ದಾರವು ತಾನೇ ಗಾಯವನ್ನು ಬೆಸೆಯದು; ಬೆಸೆಯಲು ದೇಹಕ್ಕೆ ಕಾಲಾವಕಾಶ ಒದಗಿಸುತ್ತದೆ. ಬೆರಳನ್ನು ಅಲುಗಿಸದಿದ್ದರೆ ರಜ್ಜು ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಳ್ಳಬಹುದು. ಅತಿಯಾಗಿ ಎಳೆದರೆ ಹೊಲಿಗೆ ಹರಿಯಬಹುದು. ಆದುದರಿಂದ ವೈದ್ಯರು ಹೇಳಿದ ಹದದಲ್ಲಿ ಬೆರಳಾಡಿಸುವುದೂ ಚಿಕಿತ್ಸೆಯ ಭಾಗವೇ. ಕೈಗೆ ಗಾಯವಾಗಿ ಬೆರಳು ಮಡಿಚದಿದ್ದಲ್ಲಿ, ಗಾಯ ಕಿರಿದೆಂದು ಉಪೇಕ್ಷಿಸದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಉಳಿಯನ್ನೋ ಮಚ್ಚನ್ನೋ ಹಿಡಿದು ದುಡಿಯುವವನ ಅನ್ನ ಆ ಬೆರಳುಗಳಲ್ಲಿದೆ.