ಯುದ್ಧದ ಆಟ: ಯಾರಿಗೆ ಯಾವುದು?



ಸಂಘದ ಸಭೆ ಮುಗಿದ ಮೇಲೆ ತಾಯಂದಿರ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಮಕ್ಕಳ ಮೊಬೈಲಿಗೇ ಬಂದು ನಿಲ್ಲುತ್ತದೆ. “ಊಟಕ್ಕೆ ಕರೆದ್ರೂ ಏಳಲ್ಲ, ಬರೀ ಗುಂಡು ಹೊಡೆಯೋ ಆಟ” ಎನ್ನುತ್ತೇವೆ. ಕಿತ್ತುಕೊಂಡರೆ ಮಾತು ಬಿಡುತ್ತಾರೆ, ಕೊಟ್ಟರೆ ಓದು ಕೆಡುತ್ತದೆ. ಹಾಗಾದರೆ ಏನು ಮಾಡೋದು?

ಯುದ್ಧದ ಆಟಗಳೆಲ್ಲ ಒಂದೇ ಅಲ್ಲ. ಆಡುವ ಮಕ್ಕಳೂ ಒಂದೇ ಥರ ಇರುವುದಿಲ್ಲ. ಅನ್ನಕ್ಕೆ ಬೇರೆ ಅಕ್ಕಿ, ದೋಸೆಗೆ ಬೇರೆ ಅಕ್ಕಿ ಎಂದು ನೋಡಿ ತರುವ ನಾವು ಆಟವನ್ನೂ ಹಾಗೆಯೇ ನೋಡಿ ಆರಿಸಬೇಕು.

1. ಚಿಕ್ಕ ಮಕ್ಕಳಿಗೆ: ಚದುರಂಗ ಸಾಕು. ಇದೂ ಯುದ್ಧದ ಆಟವೇ. ಆನೆ, ಕುದುರೆ, ರಥ, ಕಾಲಾಳು ಇದ್ದ ನಮ್ಮ ದೇಶದ ಚತುರಂಗದಿಂದ ಬಂದದ್ದು. ಮೊಬೈಲಿನಲ್ಲೂ ಆಡಬಹುದು, ಮಣೆಯ ಮೇಲೂ ಆಡಬಹುದು.

2. ಕಟ್ಟುವ, ಲೆಕ್ಕ ಹಾಕುವ ಮಕ್ಕಳಿಗೆ: 2012ರಲ್ಲಿ ಫಿನ್ಲೆಂಡಿನ ಕಂಪನಿ ತಂದ ‘ಕ್ಲಾಶ್ ಆಫ್ ಕ್ಲಾನ್ಸ್’ ಇದೆ. ಊರು ಕಟ್ಟಿ, ಗೋಡೆ ಹಾಕಿ, ಸೈನ್ಯ ಕಳಿಸಬೇಕು. ಆದರೆ ಒಂದೊಂದು ಕಟ್ಟಡ ಮುಗಿಯಲು ದಿನಗಟ್ಟಲೆ ಕಾಯಬೇಕು. ಕಾಯಲಾರದವರು ದುಡ್ಡು ಕೊಟ್ಟು ರತ್ನ ಕೊಳ್ಳುತ್ತಾರೆ. ತಾಳ್ಮೆ ಇಲ್ಲದ ಮಗುವಿಗೆ ಇದು ಬೇಡ.

3. ಗೆಳೆಯರ ಜೊತೆ ಆಡಬೇಕೆನ್ನುವ ಹದಿಹರೆಯದವರಿಗೆ: ಪಬ್ಜಿ ಮೊಬೈಲ್ ಆಟವನ್ನು ಭಾರತ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. 2021ರಲ್ಲಿ ಬಿಜಿಎಂಐ ಬಂತು. ಅದನ್ನೂ 2022ರಲ್ಲಿ ತಡೆದರು. 2023ರಲ್ಲಿ ಮರಳಿದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಇತ್ತು. ಶಾಲೆಗೆ ಹೋಗುವವರಿಗೆ 3 ಗಂಟೆಯೂ ಜಾಸ್ತಿಯೇ ಅಲ್ವಾ? ಬೇಗ ಸಿಟ್ಟಾಗುವ, ನಿದ್ದೆಗೆಡುವ ಮಗುವಿಗೆ ಇಂಥ ಆಟ ಸರಿಹೋಗದು.

4. ಕಥೆ, ಇತಿಹಾಸ ಇಷ್ಟಪಡುವವರಿಗೆ: 2014ರ ‘ವೇಲಿಯಂಟ್ ಹಾರ್ಟ್ಸ್’ ಮೊದಲನೇ ಮಹಾಯುದ್ಧದ ಕಥೆ. ಮಾವ ಫ್ರೆಂಚ್ ಸೈನ್ಯದಲ್ಲಿ, ಅಳಿಯ ಜರ್ಮನ್ ಸೈನ್ಯದಲ್ಲಿ. ಗುಂಡು ಹಾರಿಸುವುದಕ್ಕಿಂತ ಒಗಟು ಬಿಡಿಸಿ ದಾರಿ ಹುಡುಕುವುದೇ ಹೆಚ್ಚು. ಜೊತೆಗೊಂದು ನಾಯಿಯೂ ಇದೆ. ಹತ್ತಿರ ಕೂತು “ಮುಂದೆ ಏನಾಯ್ತು?” ಎಂದು ಕೇಳಿ, ಮಗು ಹೇಳಲಿ.

5. ದೊಡ್ಡವರಿಗೆ: ಅದೇ ವರ್ಷ ಪೋಲೆಂಡಿನಲ್ಲಿ ತಯಾರಾದ ‘ದಿಸ್ ವಾರ್ ಆಫ್ ಮೈನ್’ ಆಟದಲ್ಲಿ ನಾವು ಸೈನಿಕರಲ್ಲ, ಮುತ್ತಿಗೆ ಬಿದ್ದ ಊರಿನ ಸಾಮಾನ್ಯ ಜನ. 1992ರಿಂದ 1996ರವರೆಗೆ ಸರಾಯೆವೊ ನಗರದ ಜನ ಪಟ್ಟ ಪಾಡು ಇದಕ್ಕೆ ಪ್ರೇರಣೆ. ಇರುವ ಒಂದಿಷ್ಟು ಊಟ ಯಾರಿಗೆ? ಔಷಧಿ ಯಾರಿಗೆ? ಯುದ್ಧ ಅಂದರೆ ಅಡುಗೆಮನೆಗೆ ಏನಾಗುತ್ತದೆ ಎಂದು ಇದು ತೋರಿಸುತ್ತದೆ. ಮನಸ್ಸು ಕಲಕುವ ಆಟ, ಮಕ್ಕಳಿಗಲ್ಲ.

ನೆನಪಿಡಬೇಕಾದ ಮೂರು ಮಾತು

ವಯಸ್ಸು: ಪ್ಲೇ ಸ್ಟೋರಿನಲ್ಲಿ ಆಟದ ಹೆಸರಿನ ಕೆಳಗೆ 3+, 7+, 12+, 16+, 18+ ಎಂದು ಇರುತ್ತದೆ. ಇಳಿಸುವ ಮೊದಲೇ ನೋಡಿ.

ಹಣ: ಆಟ ಉಚಿತ, ಒಳಗಿನ ಸಾಮಾನಿಗೆ ದುಡ್ಡು. ಸಾಲದ ಕಂತಿಗೆಂದು ಖಾತೆಯಲ್ಲಿಟ್ಟ ಹಣ ಆಟದ ಬಂದೂಕಿನ ಬಣ್ಣಕ್ಕೆ ಹೋದರೆ ಇಡೀ ಸಂಘಕ್ಕೇ ತೊಂದರೆ. ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ.

ಸಮಯ: ಆಟದ ನಡುವೆ ಕಿತ್ತುಕೊಳ್ಳಬೇಡಿ. “ಈ ಒಂದು ಆಟ ಮುಗಿಸಿ ಏಳು” ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ.

ಸಂಘದಲ್ಲಿ ಚರ್ಚಿಸಿ

* ನಿಮ್ಮ ಮಗು ಆಡುವ ಆಟದ ಹೆಸರೇನು? ಪಕ್ಕದಲ್ಲಿ ಕೂತು ಒಮ್ಮೆಯಾದರೂ ನೋಡಿದ್ದೀರಾ?
* ಆಡಿ ಎದ್ದ ಮೇಲೆ ಮಗು ನಗುತ್ತದೋ, ರೇಗುತ್ತದೋ?

ಎರಡನೇ ಪ್ರಶ್ನೆಗೆ ಸಿಗುವ ಉತ್ತರವೇ ಆ ಆಟ ಆ ಮಗುವಿಗೆ ತಕ್ಕುದೋ ಅಲ್ಲವೋ ಎಂದು ಹೇಳಿಬಿಡುತ್ತದೆ. ಮುಂದಿನ ಸಭೆಗೆ ಬರುವಾಗ ಉತ್ತರ ತನ್ನಿ.