ಗೋಕಾಕದ ಖಡ್ಗಮೃಗವನ್ನು ಅಂತರ್ಜಾಲದಲ್ಲಿ ಹುಡುಕುವುದು ಹೇಗೆ?

ಕಳೆದ ವಿಜ್ಞಾನ ಪ್ರದರ್ಶನದಲ್ಲಿ ಒಂದು ಚಾರ್ಟಿನ ಮೇಲೆ ‘ಗೋಕಾಕದಲ್ಲಿ ಡೈನೋಸಾರ್ ಮೂಳೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಎಲ್ಲಿ ಓದಿದಿರಿ ಎಂದು ಕೇಳಿದರೆ ‘ನೆಟ್‌ನಲ್ಲಿ ಸರ್’ ಎಂಬ ಉತ್ತರ. ಗೋಕಾಕದ ಹತ್ತಿರ ಮೂಳೆ ಸಿಕ್ಕಿದ್ದು ನಿಜ. ಆದರೆ ಅದು ಖಡ್ಗಮೃಗದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ‘ಪೇಲಿಯೊಂಟೊಲೊಜಿಯಾ ಇಂಡಿಕಾ’ ಸರಣಿಯಲ್ಲಿ ಅದನ್ನು ವರ್ಣಿಸಿ ‘ರೈನೋಸೆರಸ್ ಡೆಕ್ಕನೆನ್ಸಿಸ್’ ಎಂದು ಹೆಸರಿಟ್ಟರು. ಡೈನೋಸಾರುಗಳು ಅಳಿದು ಸುಮಾರು 6.6 ಕೋಟಿ ವರ್ಷಗಳಾದವು. ಖಡ್ಗಮೃಗ ಇಂದಿಗೂ ಅಸ್ಸಾಮಿನಲ್ಲಿ ಮೇಯುತ್ತಿದೆ. ಎರಡನ್ನೂ ಒಂದೇ ಚಾರ್ಟಿಗೆ ಅಂಟಿಸಿದರೆ ಹೇಗೆ?

ನಮಗೆ ಬೇಕಾದದ್ದು ಫೂಟ್ ಬರೆದ ಮೂಲ ಪುಟ. ಹದೀಸ್ ಓದುವಾಗ ಇದನ್ನು ಯಾರಿಂದ ಯಾರು ಕೇಳಿದರು ಎಂದು ಸನದ್ ನೋಡುತ್ತೇವಲ್ಲ, ಇಲ್ಲಿಯೂ ಹಾಗೆಯೇ.

ಗೂಗಲ್ ಸ್ಕಾಲರ್ ತೆರೆಯಿರಿ; ಅಲ್ಲಿ ಸಂಶೋಧನಾ ಲೇಖನಗಳೇ ಹೆಚ್ಚು. ಪ್ರಾಣಿಯ ಲ್ಯಾಟಿನ್ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಜೋಡಿ ಉದ್ಧರಣ ಚಿಹ್ನೆಯೊಳಗೆ ಟೈಪ್ ಮಾಡಿ. ಚಿಹ್ನೆ ಮರೆತರೆ ಜಗತ್ತಿನ ಖಡ್ಗಮೃಗಗಳೆಲ್ಲ ಸಂತೆಗೆ ಬಂದಂತೆ ಬಂದುಬಿಡುತ್ತವೆ.

ಊರ ಹೆಸರಿನಲ್ಲಿಯೇ ಹೆಚ್ಚು ಮಂದಿ ಎಡವುವುದು. ಇಂಗ್ಲಿಷಿನಲ್ಲಿಯೂ ‘ಬೆಳಗಾವಿ’ ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಹಿಂದಿನ ಲೇಖನಗಳಲ್ಲಿ ನಮ್ಮ ಜಿಲ್ಲೆ ‘ಬೆಲ್ಗಾಂ’. ಫೂಟ್ ಅವರ 1876ರ ದೊಡ್ಡ ವರದಿಯ ಶೀರ್ಷಿಕೆಯಲ್ಲಂತೂ ಜಿಲ್ಲೆಯ ಹೆಸರೇ ಇಲ್ಲ. ಈ ಸೀಮೆ ಅಲ್ಲಿ ‘ಸೌತ್ ಮರಾಠಾ ಕಂಟ್ರಿ’. ಮರಾಠಾ ಪದದ ಕಾಗುಣಿತ ಎಮ್, ಎ, ಎಚ್, ಆರ್, ಎ, ಟಿ, ಟಿ, ಎ. ಇಂದಿನಂತೆ ಬರೆದರೆ ವರದಿ ಕೈಗೆ ಸಿಗದೆ ಹೋಗಬಹುದು.

ಕಾಪಿರೈಟ್ ಮುಗಿದ ಇಂಥ ಹಳೆಯ ಪುಸ್ತಕಗಳನ್ನು ಇಂಟರ್ನೆಟ್ ಆರ್ಕೈವ್ ಮತ್ತು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಉಚಿತವಾಗಿ ಓದಬಹುದು. ಸ್ಕ್ಯಾನ್ ಮಾಡಿದ ಪುಟಗಳಲ್ಲಿ ಕಂಪ್ಯೂಟರ್ ಅಕ್ಷರಗಳನ್ನು ತಪ್ಪಾಗಿ ಓದಿರುವುದುಂಟು. ಹುಡುಕಿದ ಪದ ಸಿಗಲಿಲ್ಲವೆಂದು ಪುಸ್ತಕ ಮುಚ್ಚಬೇಡಿ, ಪರಿವಿಡಿ ನೋಡಿ ಪುಟ ತಿರುವಿ.

ಮೂಲ ಸಿಕ್ಕ ಮೇಲೆ ಸ್ಕಾಲರ್‌ನಲ್ಲಿ ‘ಸೈಟೆಡ್ ಬೈ’ ಒತ್ತಿ. 150 ವರ್ಷಗಳ ಹಿಂದಿನ ಮಾತನ್ನು ಆಮೇಲೆ ಯಾರಾದರೂ ತಿದ್ದಿದ್ದಾರೆಯೇ ಎಂಬುದು ಅಲ್ಲಿಂದಲೇ ತಿಳಿಯಬೇಕು. ಹೊಸ ಲೇಖನಕ್ಕೆ ಹಣ ಕೇಳಿದರೆ ‘ಆಲ್ ವರ್ಷನ್ಸ್’ ನೋಡಿ. ಅಲ್ಲಿಯೂ ಇಲ್ಲದಿದ್ದರೆ ಲೇಖಕರಿಗೆ ನಾಲ್ಕು ಸಾಲಿನ ಇಮೇಲ್ ಬರೆಯಿರಿ. ವಿದ್ಯಾರ್ಥಿ ಎಂದರೆ ಪ್ರತಿ ಕಳಿಸುವವರು ಇದ್ದಾರೆ. ಸಾರಾಂಶವನ್ನಷ್ಟೇ ಓದಿದ್ದರೆ ಹಾಗೆಂದೇ ನೋಟಿನಲ್ಲಿ ಬರೆದುಕೊಳ್ಳಿ. ಲೇಖಕ, ವರ್ಷ, ಸಂಪುಟ, ಪುಟ ಇವನ್ನು ಆಗಲೇ ಬರೆಯಿರಿ, ನಾಳೆ ಲಿಂಕ್ ಇರುತ್ತದೆಂಬ ಖಾತ್ರಿಯಿಲ್ಲ.

ಇನ್ನೊಂದು ಕೆಲಸ ನಿಮಗೇ ಬಿಟ್ಟಿದ್ದೇನೆ. ಮೂಳೆ ಸಿಕ್ಕ ಹಳ್ಳಿಯನ್ನು ಫೂಟ್ ‘ಚಿಕ್‌ಡೌಲಿ’ ಎನ್ನುತ್ತಾರೆ. ಇಂದಿನ ಗೋಕಾಕ ತಾಲ್ಲೂಕಿನಲ್ಲಿ ಚಿಗಡೊಳ್ಳಿ ಇದೆ. ಹೆಸರು ಹೋಲುತ್ತದೆಂದು ಎರಡೂ ಒಂದೇ ಎಂದು ಬರೆದುಬಿಡಬೇಡಿ. ಮೂಲದಲ್ಲಿ ಕೊಟ್ಟ ದೂರ, ದಿಕ್ಕುಗಳನ್ನು ನಕ್ಷೆಯ ಮೇಲೆ ಅಳೆದು ನೋಡಿ. ಪುಟಸಂಖ್ಯೆಯ ಸಮೇತ ಮೊದಲು ತಂದವರ ಟಿಪ್ಪಣಿಯನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.